ಕಡಲ ನಡುವಿನ ಶಾಲೆಗೆ ನಮ್ಮ ಕೊಟ್ಟಿಗೆಯ ಹಸು

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)

ಇಪ್ಪತ್ತೈದು ವರ್ಷದ ಲೀಟರು, ಫ್ಯಾಟು, ಬಟವಾಡೆ, ಬೋನಸ್ಸು ಎಲ್ಲವನ್ನೂ ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಮಗೆ ಅಧ್ಯಕ್ಷರು ಕೊಟ್ಟಿರುವ ವಿಷಯ ಬೇರೆ. ಸಂಘದ ಮಹಡಿ ಕೋಣೆಯಲ್ಲಿ ಸಂಜೆ ಹೊತ್ತು ನಡೆಯುವ ಇಂಗ್ಲಿಷ್ ಪಾಠದ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ಪಾಠ ಮಾಡುವವಳು ನಮ್ಮ ತಂಗಿ. ಅಣ್ಣನೇ ನಿಂತು ತಂಗಿಯನ್ನು ಹೊಗಳುವುದು ಚೆನ್ನಾಗಿರುವುದಿಲ್ಲ, ಅದು ನಮಗೂ ಗೊತ್ತು. ಆದರೆ ಕೆಲವು ಸದಸ್ಯರು ಹಾಲು ಹಾಕುವ ಸಾಲಿನಲ್ಲೇ ಕೇಳಿದ್ದಾರೆ. "ಏನಪ್ಪಾ ಇದು, ಬರೆಯೋದಕ್ಕಿಂತ ಗಲಾಟೆನೇ ಜಾಸ್ತಿ. ಮೊನ್ನೆ ಹುಣಸೆಹಣ್ಣು ತಿನ್ನಿಸಿ ಕಳಿಸವ್ಳೆ. ವ್ಯಾಕರಣ ಹೇಳಿಕೊಡೋದು ಯಾವಾಗ?" ಎಂದು. ಇಬ್ಬರು ಮಕ್ಕಳನ್ನು ಬಿಡಿಸಿಕೊಂಡೂ ಹೋಗಿದ್ದಾರೆ. ಅವರ ಮೇಲೆ ನಮಗೆ ಕೋಪ ಇಲ್ಲ. ಅವಳು ಈ ರೀತಿಯನ್ನು ಎಲ್ಲಿ ಕಲಿತಳು ಎಂಬುದನ್ನು ಮಾತ್ರ ಹೇಳುತ್ತೇವೆ.

ಮೊದಲು ನಮ್ಮ ಯೋಗ್ಯತೆ ಹೇಳಿಬಿಡೋಣ. ನಾವು 1995ರಲ್ಲಿ ಎಸ್.ಎಸ್.ಎಲ್.ಸಿ. ಬರೆದವರು. ಎಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಕೂತೆವು. ಮತ್ತೆ ಕಟ್ಟಿ ಪಾಸು ಮಾಡಿದೆವು ಅನ್ನಿ. ಆದರೆ ಆ ಭಯ ಹೋಗಲಿಲ್ಲ. ಬ್ಯಾಂಕಿನಲ್ಲಿ ಇಂಗ್ಲಿಷ್ ಫಾರಂ ಕೊಟ್ಟರೆ ಕನ್ನಡಕ ಮರೆತು ಬಂದಿದ್ದೇವೆ ಎಂದು ಪಕ್ಕದವರ ಕೈಗೆ ಕೊಡುತ್ತಿದ್ದೆವು. ಆಗ ನಮಗೆ ಕನ್ನಡಕವೇ ಇರಲಿಲ್ಲ!

ತಂಗಿ ಬಿ.ಎ., ಬಿ.ಎಡ್. ಮಾಡಿ ಅತಿಥಿ ಶಿಕ್ಷಕಿಯಾಗಿದ್ದಳು. ಒಂದು ವರ್ಷ ಕೆಲಸ ಇದ್ದರೆ ಇನ್ನೊಂದು ವರ್ಷ ಇಲ್ಲ. ಮಾಲ್ಡೀವ್ಸ್ ದೇಶದಲ್ಲಿ ಟೀಚರ್ ಕೆಲಸ ಇದೆ ಎಂದು ಯಾರೋ ಹೇಳಿದರು. ಅಲ್ಲಿಗೆ ನಮ್ಮ ದೇಶದ ಟೀಚರುಗಳು, ಅದರಲ್ಲೂ ಕೇರಳ ತಮಿಳುನಾಡಿನವರು, ದಶಕಗಳಿಂದ ಹೋಗುತ್ತಿದ್ದಾರಂತೆ. ಮೊದಲ ಸಲ ಒಬ್ಬ ಏಜೆಂಟ್ ದುಡ್ಡು ಇಸಿದುಕೊಂಡು ಫೋನ್ ಎತ್ತದೆ ಹೋದ. ಎರಡನೇ ಸಲ ನಾವು ಬೇಡವೇ ಬೇಡ ಎಂದೆವು. ಅವಳ ಮಗನಿಗೆ ಆರು ವರ್ಷ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. "ಆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಕೆ ನಿನ್ನ ಮಗನ್ನ ಬಿಟ್ಟು ಹೋಗ್ತೀಯಾ?" ಎಂದು ಕೇಳಿಬಿಟ್ಟೆವು. ಆ ಮಾತು ಆಡಬಾರದಾಗಿತ್ತು. ಅವಳು ಏನೂ ಹೇಳಲಿಲ್ಲ, ಒಳಗೆ ಹೋಗಿ ಕಾಗದ ಪತ್ರ ಜೋಡಿಸಿಕೊಂಡಳು. ಕೊನೆಗೆ ಎರಡು ಹಸು ಮಾರಿ ಟಿಕೆಟ್ ತೆಗೆದದ್ದೂ ನಾವೇ. 2018ರ ಜನವರಿಯಲ್ಲಿ ಹೋದಳು.

ಮಾಲ್ಡೀವ್ಸ್ ಎಂದರೆ ಟಿ.ವಿ.ಯಲ್ಲಿ ಸಿನಿಮಾದವರು ಹೋಗುವ ಜಾಗ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಸುಮಾರು 1200 ಸಣ್ಣ ಸಣ್ಣ ದ್ವೀಪಗಳ ದೇಶ. ಊರು ಇರುವುದು ಇನ್ನೂರರ ಹತ್ತಿರ ದ್ವೀಪಗಳಲ್ಲಿ ಮಾತ್ರ. ವಿಮಾನ ಇಳಿಯುವುದೇ ಒಂದು ದ್ವೀಪ, ರಾಜಧಾನಿ ಮಾಲೆ ಪಕ್ಕದ ಇನ್ನೊಂದು ದ್ವೀಪ. ನಡುವೆ ಸೇತುವೆ ಆದದ್ದು 2018ರ ಆಗಸ್ಟಿನಲ್ಲಿ, ಇವಳು ಹೋದಾಗ ದೋಣಿಯಲ್ಲೇ ದಾಟಿದಳು. ಅಲ್ಲಿಂದ ಮತ್ತೆ ಒಂದು ರಾತ್ರಿ ಕಡಲಿನಲ್ಲಿ ಪಯಣ. ಇವಳಿಗೆ ಸಿಕ್ಕಿದ ದ್ವೀಪದಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೆ ಹದಿನೈದು ನಿಮಿಷ. ಜನ ಸಾವಿರವೂ ಇಲ್ಲ. ತೆಂಗಿನ ಮರ ಎಲ್ಲೆಲ್ಲೂ, ಆ ದೇಶದ ರಾಷ್ಟ್ರೀಯ ಮರವೇ ತೆಂಗು. ಹಾಗಾಗಿ ನಮ್ಮ ಊರು ನೆನಪಾಯಿತಂತೆ. ಆದರೆ ಹಸು ಇಲ್ಲ. ಹಾಲಿನ ಪುಡಿ ಕಲಸಿದ ಟೀ. ನಮ್ಮ ತಾಯಿ ಅದನ್ನು ಕೇಳಿ ಎರಡು ದಿನ ಹಾಲು ಮುಟ್ಟಲಿಲ್ಲ.

ಅಲ್ಲಿಯ ಭಾಷೆ ದಿವೇಹಿ. ಶಾಲೆಯಲ್ಲಿ ದಿವೇಹಿ ಭಾಷೆ ಮತ್ತು ಅವರ ಇಸ್ಲಾಂ ಧರ್ಮದ ಪಾಠ ಬಿಟ್ಟರೆ ಮಿಕ್ಕಿದ್ದೆಲ್ಲ ಇಂಗ್ಲಿಷಿನಲ್ಲಿ. ಹತ್ತನೇ ತರಗತಿಗೆ ಬಂದರೆ ಕೇಂಬ್ರಿಡ್ಜ್ ಪರೀಕ್ಷೆ. ಮನೆಯಲ್ಲಿ ಮಾತ್ರ ಇಂಗ್ಲಿಷ್ ಇಲ್ಲ. ತಂದೆ ಬೆಳಗಾಗುವ ಮುಂಚೆ ಮೀನಿಗೆ ಹೋಗುತ್ತಾನೆ, ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಕೇಳಿದರೆ ನಮ್ಮ ಊರಿನ ಕಾನ್ವೆಂಟ್ ಮಕ್ಕಳ ಕಥೆಯೇ.

ಮೊದಲ ದಿನ ಎರಡನೇ ತರಗತಿಗೆ ಹೋದಳು. ಎ ಬಿ ಸಿ ಡಿ ಬರೆಯಿರಿ ಎಂದಳು. ಅರ್ಧ ಮಕ್ಕಳು ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ಕೂತಿದ್ದವು. ದಿವೇಹಿಯ ಲಿಪಿಗೆ ತಾನ ಎಂದು ಹೆಸರು, ಬಲದಿಂದ ಎಡಕ್ಕೆ ಬರೆಯುವುದು. ಆ ಮಕ್ಕಳಿಗೆ ಪುಸ್ತಕದ ಮೊದಲ ಪುಟ ನಮ್ಮ ಕೊನೆಯ ಪುಟ. ಇವಳಿಗೆ ಮೊದಲು ಸಿಟ್ಟು ಬಂತಂತೆ, ಆಮೇಲೆ ತನಗೇ ನಗು ಬಂತಂತೆ. ಒಂದು ಗಂಟೆ ಆ ಬರವಣಿಗೆ, ಮುಂದಿನ ಗಂಟೆ ಈ ಬರವಣಿಗೆ, ಆರೇಳು ವರ್ಷದ ಕೈ ದಿನಕ್ಕೆ ನಾಲ್ಕು ಸಲ ತಿರುಗಬೇಕು. ನಮ್ಮ ಎತ್ತುಗಳೂ ಸಾಲು ಕೊನೆಯಲ್ಲಿ ತಿರುಗಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತವೆ. ಪ್ರತಿ ಪುಟದ ಎಡ ಮೂಲೆಯಲ್ಲಿ ಒಂದು ಮೀನಿನ ಚಿತ್ರ ಬರೆಸಿದಳು, ಇಂಗ್ಲಿಷ್ ಮೀನಿನ ಕಡೆಯಿಂದ ಹೊರಡಬೇಕು ಎಂದು. ಹದಿನೈದು ದಿನಕ್ಕೆ ಸರಿಹೋಯಿತು.

ಇನ್ನೊಂದು ಸ್ವಾರಸ್ಯ. ಆ ಮಕ್ಕಳು "ಐ ಫಿಶ್ ಈಟ್" ಎನ್ನುತ್ತಿದ್ದವು. ದಿವೇಹಿಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ ಬರುತ್ತದೆ. ನಾನು ಮೀನು ತಿಂತೀನಿ ಎಂದ ಹಾಗೆ. ಇಂಗ್ಲಿಷನ್ನು ಹುಟ್ಟಿನಿಂದ ಆಡಿದವರಿಗೆ ಅದು ಬರೀ ತಪ್ಪು. ನಮ್ಮ ತಂಗಿಗೆ ಅದು ತಾನೇ ಮಾಡಿದ ತಪ್ಪು, ಎಲ್ಲಿಂದ ಬಂತು ಎಂದು ಗೊತ್ತು. ಹಾಗಾಗಿ ಬೈಯುತ್ತಿರಲಿಲ್ಲ. ಮೂವರು ಮಕ್ಕಳನ್ನು ನಿಲ್ಲಿಸಿ ಒಬ್ಬ ಐ, ಒಬ್ಬ ಫಿಶ್, ಒಬ್ಬ ಈಟ್ ಎಂದು ಮಾಡಿ ಜಾಗ ಬದಲಾಯಿಸಿ ನಿಲ್ಲಿಸುತ್ತಿದ್ದಳು. ಫಿಶ್ ಆದವನು ಕೊನೆಗೆ ಹೋಗಲು ಒಪ್ಪದೆ ಅತ್ತ ದಿನವೂ ಉಂಟು.

ಮಕ್ಕಳೂ ಇವಳಿಗೆ ಕಲಿಸಿದವು. ದೋಣಿಗೆ ಅವರ ಭಾಷೆಯಲ್ಲೂ ದೋಣಿ ಎಂದೇ ಹೆಸರು. ಇವಳು ನಮ್ಮಲ್ಲೂ ದೋಣಿಯೇ ಎಂದಾಗ, ಮಿಸ್ ನಮ್ಮ ಭಾಷೆ ಕದ್ದಿದ್ದಾರೆ ಎಂದು ಗಲಾಟೆ ಮಾಡಿದವಂತೆ. ಇನ್ನೊಂದು ದಿನ ಇಂಗ್ಲಿಷಿನ ಅಟಾಲ್ ಎಂಬ ಪದ, ಅಂದರೆ ಉಂಗುರದ ಹಾಗೆ ಕೂಡಿದ ದ್ವೀಪಗಳ ಗುಂಪು, ದಿವೇಹಿಯಿಂದಲೇ ಇಂಗ್ಲಿಷಿಗೆ ಹೋದದ್ದು ಎಂದು ಹೇಳಿದಳು. ಒಬ್ಬ ಹುಡುಗ ಎದ್ದು ನಿಂತು, "ಹಾಗಾದರೆ ಇಂಗ್ಲಿಷಿನವರೂ ನಮ್ಮ ಹತ್ತಿರ ಕಲಿತಿದ್ದಾರಾ ಮಿಸ್?" ಎಂದ. ನಮ್ಮ ಕೊಬ್ಬರಿಗೂ ಇಂಗ್ಲಿಷಿನಲ್ಲಿ ಕೋಪ್ರಾ ಎನ್ನುತ್ತಾರೆ. ಮಲಯಾಳದ ಕೊಪ್ಪರ ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಗೆ ಹೋಯಿತಂತೆ. ಇದನ್ನು ನಮಗೆ ಎಸ್.ಎಸ್.ಎಲ್.ಸಿ.ಯಲ್ಲಿ ಯಾರಾದರೂ ಹೇಳಿದ್ದರೆ ಎರಡು ಮಾರ್ಕು ಹೆಚ್ಚು ಬರುತ್ತಿತ್ತೋ ಏನೋ.

ಕಷ್ಟ ಇದ್ದದ್ದು ಒಂದು ಹುಡುಗಿಯ ವಿಚಾರದಲ್ಲಿ. ಬರೆಯುತ್ತಾಳೆ, ಕೇಳುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಒಂದು ವರ್ಷ ಕಳೆದರೂ ಇಂಗ್ಲಿಷಿನಲ್ಲಿ ಒಂದು ಮಾತಿಲ್ಲ. ಮೊದಲ ವರ್ಷದಲ್ಲಿ ಯಾರೋ ನಕ್ಕಿದ್ದರಂತೆ, ಅಷ್ಟೇ. ತಂಗಿ ಅವಳ ವಿಷಯ ಫೋನಿನಲ್ಲಿ ಹೇಳುವಾಗ ನಮಗೆ ಆ ಬ್ಯಾಂಕಿನ ಫಾರಂ ನೆನಪಾಗುತ್ತಿತ್ತು.

2019ರಲ್ಲಿ ಪಾಠದಲ್ಲಿ ಹಸು ಬಂತು. ಪುಸ್ತಕದಲ್ಲಿ ಫಾರ್ಮ್, ಕೌ, ಮಿಲ್ಕ್ ಎಂದು ಚಿತ್ರ. ಹಾಲು ಎಲ್ಲಿಂದ ಬರುತ್ತದೆ ಎಂದರೆ ಮಕ್ಕಳು ಡಬ್ಬಿಯಿಂದ ಎಂದವು, ಒಬ್ಬ ದೋಣಿಯಿಂದ ಎಂದ. ಅವನದೂ ಸುಳ್ಳಲ್ಲ! ತಂಗಿ ರಾತ್ರಿ ಫೋನ್ ಮಾಡಿ, "ಅಣ್ಣ, ನಾಳೆ ವಿಡಿಯೋದಲ್ಲಿ ಗೌರಿ ಹಾಲು ಕರೆಯೋದು ತೋರಿಸಬೇಕು. ನೀನೇ ಮಕ್ಕಳ ಜೊತೆ ಮಾತಾಡು, ಇಂಗ್ಲಿಷಿನಲ್ಲಿ" ಎಂದಳು. ನಾವು ಆಗಲ್ಲ ಎಂದೆವು. ಅವಳು, ನಿನಗೆ ಬರಲ್ಲ ಅಂತಲೇ ನೀನು ಬೇಕು ಎಂದಳು.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಅವರ ಏಳೂವರೆ ಎಂದರೆ ನಮ್ಮ ಎಂಟು. ಆರೂವರೆಗೆ ಕರೆಯುವ ಹಸುವನ್ನು ಎಂಟರ ತನಕ ನಿಲ್ಲಿಸಿದೆವು. ಅದು ಕಾಲು ಬದಲಿಸುತ್ತಾ ನಮ್ಮನ್ನು ನೋಡಿದ ನೋಟ ಇನ್ನೂ ನೆನಪಿದೆ. ಆ ದಿನ ಹಾಲು ತಡವಾಗಿ ತಂದ ನಿರ್ದೇಶಕರು ನಾವೇ, ಕಾರ್ಯದರ್ಶಿಗಳು ಹತ್ತು ನಿಮಿಷ ಕಾದರು. ಈ ತಪ್ಪನ್ನು ಸಭೆಯಲ್ಲೇ ಒಪ್ಪಿಕೊಳ್ಳುತ್ತಿದ್ದೇವೆ.

ತಂಗಿಯ ಮಗ ಫೋನ್ ಹಿಡಿದುಕೊಂಡ. ನಾವು, "ದಿಸ್ ಈಸ್ ಮೈ ಕೌ. ನೇಮ್ ಗೌರಿ" ಎಂದೆವು. ಈಸ್ ಬಿಟ್ಟುಹೋಯಿತು ಎಂದು ಆಮೇಲೆ ತಿಳಿಯಿತು. ಆ ಕಡೆ ಇಪ್ಪತ್ತು ಮುಖ, ಒಂದರ ಮೇಲೊಂದು. ಹಾಲು ಕೊಡದ ಕೆಚ್ಚಲಿನಿಂದ ನೊರೆ ಬಂದ ಹಾಗೆ ಎಲ್ಲ ಕಡೆಯಿಂದ ಪ್ರಶ್ನೆ. ಏನು ತಿನ್ನುತ್ತದೆ, ಈಜುತ್ತದಾ, ನೀವು ಮಲಗಿದಾಗ ಅದು ಎಲ್ಲಿರುತ್ತದೆ. ನಮಗೆ ತಿಳಿದದ್ದಕ್ಕೆ ಯೆಸ್, ನೋ, ತಿಳಿಯದ್ದಕ್ಕೆ ತಂಗಿಯ ಮುಖ. ಹುಲ್ಲಿಗೆ ಗ್ರಾಸ್ ಎಂದೆವು, ಬೂಸಾಕ್ಕೆ ಏನೆನ್ನಬೇಕೋ ಹೊಳೆಯದೆ ಬೂಸಾ ಎಂದೇ ಹೇಳಿದೆವು. ಆ ಮಕ್ಕಳೆಲ್ಲ ಬೂಸಾ ಬೂಸಾ ಎಂದು ಕೂಗಿದವು. ಆಗ ಆ ಹುಡುಗಿ ಮುಂದೆ ಬಂದು, ಪರದೆಗೆ ಮೂಗು ತಾಗಿಸಿ, "ಡಸ್ ಇಟ್ ಬೈಟ್?" ಎಂದಳು. ಕಚ್ಚುತ್ತದಾ ಎಂದು. ತಂಗಿ ಏನೂ ಹೇಳಲಿಲ್ಲ. ಚಪ್ಪಾಳೆ ತಟ್ಟಲಿಲ್ಲ, ಶಭಾಷ್ ಎನ್ನಲಿಲ್ಲ. ಹೇಳಿದ್ದರೆ ಅವಳು ಮತ್ತೆ ಬಾಯಿ ಮುಚ್ಚಿಬಿಡುತ್ತಿದ್ದಳು ಎಂದು ಆಮೇಲೆ ವಿವರಿಸಿದಳು. ನಾವು "ನೋ ಬೈಟ್. ಓನ್ಲಿ ಕಿಕ್" ಎಂದೆವು. ಎಲ್ಲರೂ ನಕ್ಕರು, ಆ ಹುಡುಗಿಯೂ ನಕ್ಕಳು. ನಮ್ಮ ತಪ್ಪು ಇಂಗ್ಲಿಷಿಗೆ ಯಾರೂ ನಗಲಿಲ್ಲ, ಒದೆಯುವ ಹಸುವಿಗೆ ನಕ್ಕರು.

ಕೊನೆಗೆ ಒಬ್ಬ ಹುಡುಗ, ಫೋನ್ ಹಿಡಿದವರು ಯಾರು ಎಂದ. ಮಿಸ್ಸಿನ ಮಗ ಎಂದಳು. ಆ ಮಗು ಕೇಳಿತು, ಅವನು ಅಲ್ಲಿ, ನೀವು ಇಲ್ಲಿ, ಯಾಕೆ ಎಂದು. ಆಗ ತಂಗಿ ಫೋನ್ ಇಟ್ಟುಬಿಟ್ಟಳು. ನೆಟ್‌ವರ್ಕ್ ಹೋಯಿತು ಎಂದು ನಾವು ಹುಡುಗನಿಗೆ ಹೇಳಿದೆವು.

2020ರ ಮಾರ್ಚಿನಲ್ಲಿ ಕೊರೋನ ಬಂದು ಶಾಲೆ ಮುಚ್ಚಿತು. ಮೇ ತಿಂಗಳಲ್ಲಿ ನೌಕಾಪಡೆಯ ಜಲಾಶ್ವ ಹಡಗು ಮಾಲೆಯಿಂದ 698 ಜನರನ್ನು ಕೊಚ್ಚಿಗೆ ಕರೆತಂದಿತು. ಟಿ.ವಿ. ಮುಂದೆ ನಾವೆಲ್ಲ ಕೂತು ನೋಡಿದೆವು. ಆದರೆ ತಂಗಿ ತನ್ನ ದ್ವೀಪ ಬಿಟ್ಟು ಮಾಲೆಗೇ ಬರಲಾಗಿರಲಿಲ್ಲ. ಒಪ್ಪಂದ ಮುಗಿಸಿ ಅವಳು ಊರು ಸೇರಿದ್ದು 2021ರ ಕೊನೆಗೆ. ಮಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಮ್ಮ ಹಿಂದೆ ನಿಂತುಕೊಂಡ. ಆ ವಿಚಾರ ಇಲ್ಲಿಗೆ ಸಾಕು.

ಆದ್ದರಿಂದ ಸದಸ್ಯ ಬಾಂಧವರೇ, ಮಹಡಿ ಕೋಣೆಯಲ್ಲಿ ಹುಣಸೆಹಣ್ಣು ತಿನ್ನಿಸುವುದು ಸೋರ್ ಎಂಬ ಪದ ಬಾಯಿಗೆ ಬರಲಿ ಎಂದು. ವ್ಯಾಕರಣವೂ ನಡೆಯುತ್ತದೆ, ಮಕ್ಕಳು ನಿಂತು ಜಾಗ ಬದಲಿಸುತ್ತಾರೆ, ಅದೇ ವ್ಯಾಕರಣ. ಬಿಡಿಸಿಕೊಂಡು ಹೋದ ಇಬ್ಬರು ಮಕ್ಕಳ ಜಾಗ ಹಾಗೇ ಇದೆ. ತಂದೆತಾಯಿಗಳು ಒಂದು ಸಂಜೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ನಾವೂ ಕೂರುತ್ತೇವೆ.

ಹೋದ ತಿಂಗಳು ಆ ಹುಡುಗಿ ತಂಗಿಯ ಫೋನಿಗೆ ಮಾತು ಕಳಿಸಿದ್ದಳು, ಈಗ ದೊಡ್ಡವಳಾಗಿದ್ದಾಳೆ, ಇಂಗ್ಲಿಷ್ ಅರಳು ಹುರಿದ ಹಾಗೆ. ಗೌರಿ ಹೇಗಿದೆ ಎಂದು ಕೇಳಿದ್ದಳು. 2023ರ ಬರದಲ್ಲಿ ಮೇವಿಲ್ಲದೆ ಗೌರಿಯನ್ನು ಮಾರಿದ್ದು ನಿಮಗೆಲ್ಲ ಗೊತ್ತು. ಏನು ಹೇಳಲಿ ಎಂದು ತಂಗಿ ನಮ್ಮ ಕೈಗೆ ಫೋನ್ ಕೊಟ್ಟಳು. ನಾವು ಸ್ವಲ್ಪ ಹೊತ್ತು ಯೋಚಿಸಿ, "ಗೌರಿ ಈಸ್ ಇನ್ ಅನದರ್ ಹೌಸ್" ಎಂದೆವು. ಈ ಸಲ ಈಸ್ ಬಿಡಲಿಲ್ಲ.