ನಿಧಾನವಾದ ಹೆರಿಗೆ



ಚೊಚ್ಚಲ ಹೆರಿಗೆ ನಿಧಾನವಾದೊಡನೆ ಶಸ್ತ್ರಕ್ರಿಯೆಗೆ ಆತುರಪಡುವವರು ಎಷ್ಟೋ ವೇಳೆ ಮನೆಯವರಾದ ನಾವೇ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರಿನಂತೆ ತೆರೆಯಬೇಕೆಂಬ ಎಣಿಕೆಯು 1950ರ ದಶಕದ ಫ್ರೀಡ್‌ಮನ್ನರ ಅಧ್ಯಯನದಿಂದ ಬೆಳೆದುಬಂದಿತು. ಈ ಅಳತೆ ಎಲ್ಲ ತಾಯಂದಿರಿಗೂ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸಾರಿತು. 5 ಸೆಂಟಿಮೀಟರ್ ತೆರೆದ ಮೇಲೆ ಪೂರ್ಣ ತೆರೆಯಲು ಚೊಚ್ಚಲಿಗೆ 12 ಗಂಟೆಗಳವರೆಗೂ ಹಿಡಿಯಬಹುದು. ತಾಯಿಯೂ ಮಗುವೂ ಕ್ಷೇಮವಾಗಿದ್ದರೆ, ಗಂಟೆಯ ಲೆಕ್ಕ ತಪ್ಪಿತೆಂಬುದೊಂದೇ ಶಸ್ತ್ರಕ್ಕೆ ಕಾರಣವಾಗದು. ಆಸ್ಪತ್ರೆಯಲ್ಲಿ ದಾದಿಯರ ಕಣ್ಣೆದುರಿಗೇ ಆಕೆ ಓಡಾಡಲಿ, ನೀರು ಕುಡಿಯಲಿ, ನೆಚ್ಚಿನವರೊಬ್ಬರು ಪಕ್ಕದಲ್ಲಿರಲಿ. ಆದರೆ ರಕ್ತಸ್ರಾವ, ಜ್ವರ, ಮಗುವಿನ ಎದೆಬಡಿತದಲ್ಲಿ ಏರುಪೇರು ಕಂಡರೆ, ಇಲ್ಲವೇ ಬಲವಾದ ನೋವಿದ್ದೂ ಹೆರಿಗೆ ಮುಂದುವರಿಯದೆ ನಿಂತರೆ, ವೈದ್ಯರ ನಿರ್ಣಯಕ್ಕೆ ನಾವು ಅಡ್ಡಬರಬಾರದು. ಉಳಿದ ಹೊತ್ತಿನಲ್ಲಿ ಆಕೆಗೆ ಧೈರ್ಯ ತುಂಬುವುದೇ ನಮ್ಮ ಕರ್ತವ್ಯವೆಂದು ಅರಿಕೆಮಾಡಿ ವಿರಮಿಸುತ್ತೇವೆ.