ಒಂದು ಮತದ ತೂಕ

(ನಂಜನಗೂಡು ಮತ್ತು ತಿ. ನರಸೀಪುರದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



"ನನ್ನೊಬ್ಬನ ಮತದಿಂದ ಏನಾದೀತು?" ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ನಾವು ಕೇಳುತ್ತೇವೆ. ಅದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನರಸೀಪುರದಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಸಂತೇಮರಹಳ್ಳಿ ಸಿಗುತ್ತದೆ. ಆಗ ಅದೊಂದು ವಿಧಾನಸಭಾ ಕ್ಷೇತ್ರ. 2004ರ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು ಬಂದವು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು ಮತ!

ಸೋತ ಅಭ್ಯರ್ಥಿಯ ವಾಹನ ಚಾಲಕನಿಗೆ ಅಂದು ಬಿಡುವು ಸಿಗದೆ ಮತ ಹಾಕಲಾಗಲಿಲ್ಲವೆಂದು ಆಗ ವರದಿಯಾಗಿತ್ತು. ಕೇಳಿ ನಕ್ಕವರು ಅನೇಕರು. ಆದರೆ ನಮ್ಮನ್ನೇ ನಾವು ಕೇಳಿಕೊಳ್ಳೋಣ: ನಮ್ಮ ಅಂಗಡಿ, ಗ್ಯಾರೇಜು, ಬೇಕರಿಗಳಲ್ಲಿ ದುಡಿಯುವ ಹುಡುಗರಿಗೆ ಮತದಾನದ ದಿನ ನಾವು ರಜೆ ಕೊಟ್ಟಿದ್ದೇವೆಯೇ? ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮು ಅಂದು ವೇತನಸಹಿತ ರಜೆ ಕೊಡಬೇಕೆನ್ನುತ್ತದೆ. ಅದು ಮಾಲೀಕರು ತೋರಿಸುವ ಔದಾರ್ಯವಲ್ಲ, ಕೆಲಸಗಾರನ ಹಕ್ಕು.

2019ರಲ್ಲಿ ನಂಜನಗೂಡು, ನರಸೀಪುರಗಳನ್ನು ಒಳಗೊಂಡ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಅದೇ ಧ್ರುವನಾರಾಯಣರು ವಿ. ಶ್ರೀನಿವಾಸ ಪ್ರಸಾದರ ಎದುರು 1,817 ಮತಗಳಿಂದ ಸೋತರು. ನೋಟಾಕ್ಕೆ ಬಿದ್ದ ಮತಗಳು ಆ ಅಂತರದ ಹಲವು ಪಟ್ಟು ಇದ್ದವು. ನೋಟಾ ಒತ್ತುವುದು ತಪ್ಪಲ್ಲ. ತಿಳಿದು ಒತ್ತಿದರೆ ಅದು ಅಭಿಪ್ರಾಯ. ತಿಳಿಯದೆ ಒತ್ತಿದರೆ ನಷ್ಟ.

ಮತಪತ್ರದ ವಿನ್ಯಾಸವೇ ಮತದಾರನನ್ನು ದಾರಿ ತಪ್ಪಿಸಬಲ್ಲದು. ಅಮೆರಿಕದ ಫ್ಲೋರಿಡಾದಲ್ಲಿ 2000ದಲ್ಲಿ ಇದೇ ನಡೆಯಿತು. ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಹೆಸರುಗಳು ಎರಡೂ ಬದಿಗೆ, ರಂಧ್ರಗಳು ನಡುವೆ. ಎಡಬದಿಯಲ್ಲಿ ಅಲ್ ಗೋರ್ ಹೆಸರು ಎರಡನೆಯದು, ಆದರೆ ಅವರ ರಂಧ್ರ ಮೂರನೆಯದು. ಎರಡನೆಯ ರಂಧ್ರ ಬುಕಾನನ್ ಎಂಬ ಬೇರೊಬ್ಬ ಅಭ್ಯರ್ಥಿಯದು. ಸಾವಿರಾರು ಮತಗಳು ತಪ್ಪಿದವೆಂಬ ದೂರು ಎದ್ದಿತು. ಕೊನೆಗೆ ಆ ರಾಜ್ಯ 537 ಮತಗಳಿಂದ ಜಾರ್ಜ್ ಬುಷ್ ಪಾಲಾಯಿತು. ಅದರೊಂದಿಗೆ ಅಧ್ಯಕ್ಷ ಪದವಿಯೂ.

ನಮ್ಮಲ್ಲಿಯೂ ಗೊಂದಲಕ್ಕೆ ಅವಕಾಶವಿದೆ. ಒಂದೇ ಹೆಸರಿನ ಇಬ್ಬರು ಮೂವರು ಸ್ಪರ್ಧಿಸುತ್ತಾರೆ. ಒಂದು ಯಂತ್ರದಲ್ಲಿ ಹದಿನಾರು ಗುಂಡಿಗಳು. ನೋಟಾ ಸೇರಿ ಅದನ್ನು ಮೀರಿದರೆ ಎರಡನೆಯ ಯಂತ್ರ ಬರುತ್ತದೆ. 2015ರಿಂದ ಅಭ್ಯರ್ಥಿಯ ಭಾವಚಿತ್ರ ಮುದ್ರಿಸಲಾಗುತ್ತಿರುವುದು ಇದೇ ಕಾರಣಕ್ಕೆ. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಕಾಣುತ್ತದೆ. ಅಷ್ಟು ಹೊತ್ತು ನಿಂತು ನೋಡುವ ತಾಳ್ಮೆ ನಮಗಿರಲಿ.

ಎಣಿಕೆಯ ವಿವಾದಗಳೂ ಹತ್ತಿರದವೇ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮುಂದಿದ್ದ ಸೌಮ್ಯಾ ರೆಡ್ಡಿ ಮರುಎಣಿಕೆಯ ಬಳಿಕ ಸಿ.ಕೆ. ರಾಮಮೂರ್ತಿ ಎದುರು 16 ಮತಗಳಿಂದ ಸೋತರು. ಜಗಳವೆಲ್ಲ ತಿರಸ್ಕೃತ ಅಂಚೆ ಮತಪತ್ರಗಳ ಮೇಲೆ. ಅದೇ ವರ್ಷ ಮಾಲೂರಿನಲ್ಲಿ ಕೆ.ವೈ. ನಂಜೇಗೌಡರು 248 ಮತಗಳಿಂದ ಗೆದ್ದರು. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಐದು ವರ್ಷದ ಅವಧಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಮತದಾರ ಉತ್ತರಕ್ಕೆ ಕಾಯಬೇಕಾಯಿತು.

ಬಂಧುಗಳೇ, ಸೋತಾಗ ಯಂತ್ರವನ್ನು ದೂರುವುದು ಸುಲಭ. ಮತಗಟ್ಟೆಯಲ್ಲಿ ದಿನವಿಡೀ ಎಚ್ಚರದಿಂದ ಕೂರುವುದು ಕಷ್ಟ. ಮತದಾನ ಮುಗಿದಾಗ ಒಟ್ಟು ಚಲಾವಣೆಯಾದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಏಜೆಂಟನ ಕೈಗೆ ಸಿಗುತ್ತದೆ. ಎಣಿಕೆಯ ದಿನ ಅದನ್ನು ಯಂತ್ರದ ಲೆಕ್ಕದೊಡನೆ ತಾಳೆ ನೋಡಬಹುದು. ಅದನ್ನು ಕೇಳಿ ಪಡೆಯದವನ ಸಂಶಯಕ್ಕೆ ಆಧಾರವಿಲ್ಲ. ಫಲಿತಾಂಶ ಪ್ರಶ್ನಿಸುವ ಅರ್ಜಿಗೆ ಕಾನೂನು ಕೊಟ್ಟಿರುವುದು 45 ದಿನ ಮಾತ್ರ. ಬಾಯಿಮಾತಿನ ಆರೋಪವಲ್ಲ, ದಾಖಲೆಯೇ ಅಲ್ಲಿ ನಿಲ್ಲುವುದು.

ಇನ್ನು ಮನೆಯ ಕೆಲಸ. ಮದುವೆಯಾಗಿ ನಂಜನಗೂಡಿಗೆ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಮಗನಿಗೆ ಹದಿನೆಂಟು ತುಂಬಿರುತ್ತದೆ, ಅರ್ಜಿ ಹಾಕಿರುವುದಿಲ್ಲ. ಹೊಸಬರಿಗೆ ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8. ಮದುವೆಯ ಖರ್ಚಿಗೆ ತಿಂಗಳುಗಟ್ಟಲೆ ಲೆಕ್ಕ ಹಾಕುವ ನಾವು, ಈ ಒಂದು ಹಾಳೆ ತುಂಬಲು ಅರ್ಧ ಗಂಟೆ ಕೊಡಲಾರೆವೇ?

ಸಂತೇಮರಹಳ್ಳಿ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಮರೆಯಾಯಿತು. ಅದು ಕಲಿಸಿದ ಪಾಠ ಮರೆಯಾಗದಿರಲಿ. ಈ ಸಭೆಯಿಂದ ಮನೆಗೆ ಹೋದೊಡನೆ ಮತದಾರರ ಪಟ್ಟಿಯಲ್ಲಿ ನಮ್ಮ ಮನೆಯವರೆಲ್ಲರ ಹೆಸರಿದೆಯೇ ಎಂದು ನೋಡೋಣ.