ಕಡಲಿಗೂ ಒಂದು ವಸಂತ



ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದು ಲಾಕ್ಷಣಿಕರ ವಿಧಿ. ಅವುಗಳಲ್ಲಿ ಸಮುದ್ರವರ್ಣನೆಯೂ ಉಂಟು, ಋತುವರ್ಣನೆಯೂ ಉಂಟು. ಆದರೆ ನಾನು ಪಾಠ ಹೇಳಿದ ಕಾವ್ಯಗಳಲ್ಲೆಲ್ಲ ವಸಂತವು ಮಾವು ಮಲ್ಲಿಗೆಗಳ ಪಾಲಿಗೆ ಬಂದರೆ, ಕಡಲಿನ ಪಾಲಿಗೆ ಬಂದುದು ಅಲೆ ಮತ್ತು ರತ್ನ. ಕಡಲಿಗೂ ವಸಂತವುಂಟೆಂಬುದನ್ನು ಅರಿಯಲು ನಾರ್ವೆ ಮತ್ತು ರಷ್ಯಗಳ ಉತ್ತರಕ್ಕಿರುವ ಬೇರೆಂಟ್ಸ್ ಸಮುದ್ರದತ್ತ ನೋಡಬೇಕು.

ಅಲ್ಲಿ ಅರಳುವುದು ಹೂವಲ್ಲ, ಡಯಾಟಂ. ಸಸ್ಯಗಳಂತೆ ಬಿಸಿಲಿನಿಂದ ಆಹಾರವನ್ನು ಮಾಡಿಕೊಂಡು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿ ಅದು. ಅದರ ಕವಚ ಗಾಜಿನ ಮೂಲದ್ರವ್ಯವಾದ ಸಿಲಿಕದ್ದು. ಮುಚ್ಚಳವುಳ್ಳ ಕರಡಿಗೆಯಂತೆ ಎರಡು ಭಾಗ. ಜೀವಕೋಶ ಇಬ್ಭಾಗವಾದಾಗ ಮಕ್ಕಳಿಬ್ಬರೂ ತಾಯಿಯ ಒಂದೊಂದು ಭಾಗವನ್ನು ಮುಚ್ಚಳವಾಗಿ ಪಡೆದು, ತಳವನ್ನು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೆಯ ಒಂದು ಪಾಲು ಬರಿಗಣ್ಣಿಗೆ ಕಾಣದ ಈ ಕುಲದ್ದು.

ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಮೂಡುವುದಿಲ್ಲ. ಬಿರುಗಾಳಿ ಮತ್ತು ಚಳಿ ಸೇರಿ ನಡೆಸುವ ಸಮುದ್ರಮಥನದಲ್ಲಿ ಆಳದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳು ಮೇಲಕ್ಕೆ ಬರುತ್ತವೆ. ಊಟ ಸಿದ್ಧ, ಬೆಳಕಿಲ್ಲ. ಬೆಳಕು ಬಂದ ಮಾತ್ರಕ್ಕೂ ಸಾಲದು. ಮಥನ ನಿಲ್ಲದಿದ್ದರೆ ಡಯಾಟಂಗಳು ಮತ್ತೆ ಮತ್ತೆ ಕತ್ತಲೆಯ ಆಳಕ್ಕೆ ಸೆಳೆಯಲ್ಪಡುತ್ತವೆ. ಕಲಕುವ ನೀರಿನ ಪದರ ಒಂದು ಮಿತಿಗಿಂತ ತೆಳುವಾದಾಗಲೇ ಅವು ಹೆಚ್ಚುತ್ತವೆಂದು ನಾರ್ವೆಯ ಹೆರಾಲ್ಡ್ ಸ್ವೆರ್ಡ್ರುಪ್ 1953ರಲ್ಲಿ ವಿವರಿಸಿದರು.

ಈ ಕಾರ್ಯಕ್ಕೆ ಹಿಮವೇ ನೆರವಾಗುತ್ತದೆ. ಕರಗಿದ ಹಿಮದ ನೀರಿನಲ್ಲಿ ಉಪ್ಪು ಕಡಮೆ. ಅದು ಹಗುರವಾಗಿ ಮೇಲೆ ಹರಡಿ ನಿಲ್ಲುತ್ತದೆ. ಆ ತೆಳುಪದರದಲ್ಲಿ, ಹಿಮದ ಅಂಚಿನುದ್ದಕ್ಕೂ ಡಯಾಟಂಗಳು ಉಕ್ಕುತ್ತವೆ. ಹಿಮ ಹಿಂದೆ ಸರಿದಂತೆ ಈ ಪಟ್ಟಿಯೂ ಉತ್ತರಕ್ಕೆ ನಡೆಯುತ್ತದೆ. ದಕ್ಷಿಣದಲ್ಲಿ ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಹರಿಯುವೆಡೆ ಹಿಮವಿಲ್ಲ. ಬಿಸಿಲು ಮೇಲ್ಪದರವನ್ನು ನಿಧಾನವಾಗಿ ಕಾಯಿಸಬೇಕು. ಆದುದರಿಂದ ಅಲ್ಲಿ ವಸಂತ ತಡವಾಗಿ ಬರುತ್ತದೆ. ಒಂದೇ ಕಡಲು, ಎರಡು ಪಂಚಾಂಗ!

ಸಿಲಿಕೇಟ್ ತೀರಿದೊಡನೆ ಡಯಾಟಂಗಳ ಸುಗ್ಗಿಯೂ ಮುಗಿಯುತ್ತದೆ. ಅನೇಕವು ಮುಳುಗಿ ತಳದ ಜೀವಿಗಳಿಗೆ ಆಹಾರವಾಗುತ್ತವೆ. ಉಳಿದವನ್ನು ಕ್ಯಾಲನಸ್ ಎಂಬ ಸಣ್ಣ ಕಠಿಣಚರ್ಮಿ ಮೇಯುತ್ತದೆ. ಅದನ್ನು ಕ್ಯಾಪೆಲಿನ್ ಮೀನು, ಕ್ಯಾಪೆಲಿನ್ನನ್ನು ಕಾಡ್ ಮೀನು ತಿನ್ನುತ್ತವೆ. ಕಾಡ್ ಮೊಟ್ಟೆಯಿಡುವುದು ನಾರ್ವೆಯ ಲೊಫೋಟೆನ್ ದ್ವೀಪಗಳ ಬಳಿ, ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ. ಮರಿಗಳು ಪ್ರವಾಹದೊಡನೆ ಉತ್ತರಕ್ಕೆ ತೇಲಿಬರುವಾಗ ಕ್ಯಾಲನಸ್ಸಿನ ಮರಿಗಳು ಬಾಯಿಗೆ ಸಿಕ್ಕಬೇಕು. ಸಿಕ್ಕದಿದ್ದರೆ ಆ ವರ್ಷದ ಪೀಳಿಗೆಯೇ ಕ್ಷೀಣಿಸೀತು. ಬಿತ್ತನೆಯಲ್ಲಿ ಹದ ತಪ್ಪಿದರೆ ಏನಾಗುವುದೆಂದು ನಮ್ಮ ರೈತನಿಗೆ ಹೇಳಿಕೊಡಬೇಕಾಗಿಲ್ಲ.

ಈಗ ಆ ಹದವೇ ಕದಲುತ್ತಿದೆ. ಬೇರೆಂಟ್ಸ್ ಸಮುದ್ರ ಬಿಸಿಯಾಗುತ್ತಿದೆ, ಅದರ ಹಿಮ ಕುಗ್ಗಿದೆ. ರಷ್ಯ ಮತ್ತು ಅಲಾಸ್ಕಗಳ ನಡುವಣ ಚುಕ್ಚಿ ಸಮುದ್ರದಲ್ಲಿ 2011ರ ಜುಲೈನಲ್ಲಿ, ಸುಮಾರು ಒಂದು ಮೀಟರ್ ದಪ್ಪದ ಹಿಮದ ಕೆಳಗೇ ಡಯಾಟಂಗಳು 100 ಕಿಲೊಮೀಟರಿಗೂ ಆಚೆ ಹಬ್ಬಿದ್ದವು. ತೆಳುವಾದ ಹಿಮವೂ ಅದರ ಮೇಲಣ ಕರಗುನೀರಿನ ಕೊಳಗಳೂ ಬೆಳಕನ್ನು ಒಳಗೆ ಬಿಟ್ಟಿದ್ದವು.

ಸುಗ್ಗಿ ಬೇಗ ಬಂದಿತೆಂದು ಹಿಗ್ಗೋಣವೆ? ಉಣ್ಣುವವನು ಬರುವ ಮೊದಲೇ ಬಡಿಸಿ ಎತ್ತಿದ ಎಲೆಯಿಂದ ಯಾರ ಹಸಿವೂ ಹಿಂಗದು. ಉಷ್ಣಮಾಪಕ ತೋರಿಸುವ ಒಂದೆರಡು ಡಿಗ್ರಿಗಳ ಏರಿಕೆ ನಮಗೆ ಅಲ್ಪವೆನಿಸಬಹುದು. ಆ ಏರಿಕೆಯಿಂದ ಕದಲುವುದು ಹಿಮ, ಡಯಾಟಂ, ಕ್ಯಾಲನಸ್ ಮತ್ತು ಮೀನಿನ ಮರಿ ಒಂದೇ ಹೊತ್ತಿಗೆ ಸಂಧಿಸಬೇಕಾದ ಮುಹೂರ್ತ. ಅದನ್ನು ಮತ್ತೆ ಕೂಡಿಸಿಕೊಡಬಲ್ಲ ಜೋಯಿಸ ನಮ್ಮಲ್ಲಿ ಯಾರೂ ಇಲ್ಲ.